ಮಹಾಂತಯ್ಯನವರ ಕೈಗುಣ

ಮಾನ್ವಿ
15 ಸೆಪ್ಟೆಂಬರ್ 2024

ಅಪ್ಪಾ, ಶರಣು.

ಮೊನ್ನೆ ಫೋನ್ ಮಾಡಿ ದೊಡ್ಡ ಸುದ್ದಿ ಹೇಳಿದೆ. ನೀವು ಎರಡು ನಿಮಿಷ "ಹಾಂ, ಹಾಂ" ಅಂದು, ಒಂದಕ್ಷರ ಕೇಳಿಸದೆ ಫೋನ್ ಇಟ್ಟಿರಿ. ಇಪ್ಪತ್ತೆಂಟು ವರ್ಷ ಕಿವಿಗೆ ಬರೀ ಅರಳೆ ತುರುಕಿಕೊಂಡು ರೈಫಲ್ ಪರೀಕ್ಷೆ ಮಾಡಿದರೆ ಇನ್ನೇನಾಗುತ್ತದೆ? ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕನ್ನಡಕ ಹಾಕಿಕೊಂಡು ಓದಿ.

ನನ್ನನ್ನು ಆಯುಧಾಗಾರಕ್ಕೆ ಹಾಕಿದ್ದಾರೆ. ನೀವು ಕೂತಿದ್ದ ಅದೇ ರಾಯಚೂರಿನ ಪೊಲೀಸ್ ಆಯುಧಾಗಾರ, ಅದೇ ಕಬ್ಬಿಣದ ಮೇಜು. ಈ ಕೋಣೆಗೆ ಬಂದ ಮೊದಲ ಹೆಂಗಸು ನಾನೇ ಅಂತೆ. ಅರವತ್ತೆರಡು ಎಸ್‌ಎಲ್‌ಆರ್ ರೈಫಲ್ ಈಗ ನನ್ನ ಸುಪರ್ದಿಯಲ್ಲಿವೆ. ಆದೇಶ ಓದಿದ ದಿನ ಸಂತೋಷಕ್ಕೆ ಊಟ ಸೇರಲಿಲ್ಲ. ನಿಮ್ಮ ಅಳಿಯ ಉದಯಕುಮಾರರಿಗೆ ಹೇಳಿದರೆ, ಇನ್ನು ಮನೆಯಲ್ಲಿ ನನ್ನ ಗಿರಣಿ ಗ್ರೀಸಿನ ವಾಸನೆ ಜೊತೆಗೆ ನಿನ್ನ ಎಣ್ಣೆಯ ವಾಸನೆಯೂ ಸೇರುತ್ತದೆ ಅಂದು ನಕ್ಕರು.

ಇಲ್ಲಿ ನಿಮ್ಮ ಹೆಸರು ಇನ್ನೂ ನಡೆಯುತ್ತದೆ. ನಿಮ್ಮ ಕೈಕೆಳಗೆ ಇದ್ದ ಶೇಖರಣ್ಣ ಈಗ ಎಲ್ಲರಿಗಿಂತ ಹಿರಿಯರು. ಮೊದಲ ದಿನವೇ ಎಲ್ಲರೆದುರು, "ಈಕಿ ಮಹಾಂತಯ್ಯನವರ ಮಗಳು. ಅವರದು ಕೈಗುಣ ಇತ್ತು. ಅವರು ಪೂಜಿ ಮಾಡಿದ ರೈಫಲ್ ಎಂದೂ ಕೈ ಕೊಟ್ಟಿಲ್ಲ" ಅಂದರು. ನನಗೆ ಕೈಗುಣ ಬೇಡ, ನಿಮಗೆ ಗೊತ್ತಿರುವ ವಿದ್ಯೆ ಬೇಕು. ತರಬೇತಿಯಲ್ಲಿ ಕಲಿತದ್ದು ಕಲಿತಿದ್ದೇನೆ. ನಿಮ್ಮದು ಬೇರೆ ಇರುತ್ತದೆ, ಅದನ್ನು ಬರೆದು ಕಳಿಸಿ.

ಅವ್ವನಿಗೆ ಹೇಳಿ, ಜಾಕೀಟಿನ ಬಟ್ಟೆ ಮುಂದಿನ ವಾರ ತರುತ್ತೇನೆ.

ನಿಮ್ಮ
ಅನುರಾಧಾ


ದೇವದುರ್ಗ
22 ಸೆಪ್ಟೆಂಬರ್ 2024

ಮಗಳೇ ಅನೂ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ನಿಮ್ಮವ್ವನಿಗೂ ಓದಿ ಹೇಳಿದೆ. ಬಸ್ ನಿಲ್ದಾಣದ ಹತ್ತಿರ ಅವಳ ಹೊಲಿಗೆ ಅಂಗಡಿಗೆ ಬಂದವರಿಗೆಲ್ಲ ಅವಳೇ ಸುದ್ದಿ ಹಂಚಿದ್ದಾಳೆ. ಈಗ ದೇವದುರ್ಗದಲ್ಲಿ ಗೊತ್ತಿಲ್ಲದವರು ಯಾರೂ ಇಲ್ಲ.

ವಿದ್ಯೆ ಕೇಳಿದ್ದೀಯ, ಬರೆಯುತ್ತೇನೆ. ಮೊದಲು ಮ್ಯಾಗಜೀನ್ ತೆಗೆ. ಆಮೇಲೆ ಪಕ್ಕದ ಹಿಡಿಯನ್ನು ಹಿಂದಕ್ಕೆ ಎಳೆದು ಗುಂಡು ಕೂರುವ ಜಾಗ ನೋಡು. ನೋಡಿದರೆ ಸಾಲದು, ಕಿರುಬೆರಳು ಹಾಕಿ ಮುಟ್ಟು. ಕಣ್ಣು ಮೋಸ ಹೋಗುತ್ತದೆ, ಬೆರಳು ಹೋಗುವುದಿಲ್ಲ. ಖಾಲಿ ಇದೆ ಅಂತ ಇನ್ನೊಬ್ಬ ಹೇಳಿದರೆ ಅದು ಖಾಲಿ ಅಲ್ಲ, ಅವನು ಸಾಹೇಬನಾದರೂ ಸರಿ. ಇಷ್ಟು ಮಾಡದೆ ಒಂದು ತಿರುಪನ್ನೂ ಮುಟ್ಟಬೇಡ.

ನಳಿಗೆ ಒರೆಸುವಾಗ ಒಂದು ತುದಿಗೆ ಹಿತ್ತಾಳೆ ತೂಕ, ಇನ್ನೊಂದಕ್ಕೆ ಚಿಂದಿ ಕಟ್ಟಿದ ದಾರವನ್ನು ಹಿಂದಿನಿಂದ ಇಳಿಬಿಟ್ಟು, ಮುಂದಿನಿಂದ ಒಂದೇ ಎಳೆತಕ್ಕೆ ಎಳೆ. ನಡುವೆ ನಿಲ್ಲಿಸಿದರೆ ಹೊಲಸು ಅಲ್ಲೇ ಕೂರುತ್ತದೆ. ಹೋದ ಚಿಂದಿ ಹೋದ ಬಣ್ಣದಲ್ಲೇ ಹೊರಗೆ ಬರುವ ತನಕ ಬಿಡಬೇಡ. ಕೊನೆಗೆ ಎಣ್ಣೆ ತೋರಿಸಿದ ಚಿಂದಿ ಒಂದು ಸಲ ಸಾಕು. ಗುಂಡು ಹಾರಿಸುವ ದಿನ ಆ ಎಣ್ಣೆಯನ್ನೂ ಒರೆಸಿಬಿಡು.

ಇನ್ನು ಪಿಸ್ಟನ್. ಎಸ್‌ಎಲ್‌ಆರ್‌ನ ಜೀವ ಇರುವುದು ಅಲ್ಲಿ. ಗುಂಡು ಹಾರಿದಾಗ ಅದರ ಹಿಂದಿನ ಗ್ಯಾಸ್ ಪಿಸ್ಟನ್ನನ್ನು ಒದೆಯುತ್ತದೆ, ಪಿಸ್ಟನ್ ಖಾಲಿ ತೋಟೆಯನ್ನು ಹೊರಗೆ ಎಸೆದು ಹೊಸದನ್ನು ತುಂಬುತ್ತದೆ. ಅದಕ್ಕೆ ಎಣ್ಣೆ ಹಚ್ಚಬಾರದು. ಒಣಗಿಸಿ ಹಾಕು. ಎಣ್ಣೆ ಹಚ್ಚಿದರೆ ಮಿಂಚುತ್ತದೆ, ಎರಡು ದಿನಕ್ಕೆ ಅಂಟುತ್ತದೆ.

ದಸರೆಯ ಖಂಡೇಪೂಜೆ ಬಂತು. ರೂಢಿಯಲ್ಲಿ ಇರುವುದನ್ನು ಬದಲಾಯಿಸಲು ಹೋಗಬೇಡ. ಹುಡುಗರು ತಮ್ಮ ತಮ್ಮ ರೈಫಲ್‌ಗೆ ವಿಭೂತಿ ಹಚ್ಚಲಿ, ಕುಂಕುಮ ಇಡಲಿ. ಸೀಗಿಹುಣ್ಣಿಮೆಯ ತನಕ ಪೂಜೆ ಅಳಿಸುವ ಪದ್ಧತಿ ಇಲ್ಲ. ನೀನು ಹೊಸಬಳು, ಸುಮ್ಮನೆ ಇರು.

ಆಶೀರ್ವಾದಗಳೊಂದಿಗೆ
ನಿನ್ನ ಅಪ್ಪ
ಮಹಾಂತಯ್ಯ


ಮಾನ್ವಿ
20 ಅಕ್ಟೋಬರ್ 2024

ಅಪ್ಪಾ, ಶರಣು.

ಸುಮ್ಮನೆ ಇರು ಅಂದಿರಿ, ಇದ್ದೆ. ಈಗ ಅನುಭವಿಸುತ್ತಿದ್ದೇನೆ.

ಖಂಡೇಪೂಜೆ ಜೋರಾಗಿಯೇ ಆಯಿತು. ಹಿಂದಿನ ದಿನ ಎಲ್ಲರೂ ತಮ್ಮ ರೈಫಲ್ ಮಿಂಚಲಿ ಅಂತ ಸಿಕ್ಕಸಿಕ್ಕಲ್ಲಿ ಎಣ್ಣೆ ಸುರಿದರು. ಮರುದಿನ ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಿಂದ ನಳಿಗೆಯ ಮುಂಭಾಗಕ್ಕೆ, ಸರಿಯಾಗಿ ಗ್ಯಾಸಿನ ತೂತಿನ ಮೇಲೇ ಬಳಿದರು. ಸಾಲಾಗಿ ನಿಲ್ಲಿಸಿದಾಗ ಅಲ್ಲೇ ಚಂದ ಕಾಣುತ್ತದೆ ಅಂತೆ. ಅದರ ಮೇಲೆ ಕುಂಕುಮ. ದಶಮಿಯ ಮರುದಿನ ಒರೆಸಲೇನು ಅಂತ ಕೇಳಿದೆ. ಹುಣ್ಣಿಮೆಗೆ ಮುಂಚೆ ಮುಟ್ಟಿದರೆ ದೇವಿ ಮುನಿಯುತ್ತಾಳೆ ಅಂತ ಶೇಖರಣ್ಣ ಕೈ ಅಡ್ಡ ಹಿಡಿದರು. ನಿಮ್ಮ ಮಾತು ನೆನಪಾಗಿ ನಾನೂ ಬಿಟ್ಟೆ.

ನೀವು ನಿವೃತ್ತರಾದ ಮೇಲೆ ನಾಲ್ಕು ವರ್ಷ ಗುಂಡಿನ ಅಭ್ಯಾಸ ಜನವರಿಯಲ್ಲಿ, ಪೂಜೆಯೆಲ್ಲ ಒರೆಸಿದ ಮೇಲೆ ನಡೆದಿತ್ತು. ಈ ಸಲ ಹೊಸ ಸಾಹೇಬರು ನಿಮ್ಮ ಕಾಲದಂತೆ ದಶಮಿಯ ಮೂರನೇ ದಿನಕ್ಕೆ ಇಟ್ಟರು. ಮೈದಾನಕ್ಕೆ ಇಪ್ಪತ್ತು ರೈಫಲ್ ಕೊಂಡೊಯ್ದೆವು. ಒಂಬತ್ತು ಮೊದಲ ಗುಂಡಿಗೇ ನಿಂತವು. ತೋಟೆ ಅರ್ಧ ಹೊರಗೆ, ಅರ್ಧ ಒಳಗೆ. ಅಲ್ಲೇ ಬಿಚ್ಚಿ ಸಾಹೇಬರಿಗೆ ತೋರಿಸಿದೆ. ಎಣ್ಣೆ, ಬೂದಿ, ಕುಂಕುಮ ಸೇರಿ ಪಿಸ್ಟನ್ ಮೈಮೇಲೆ ಗೋಂದು ಕಟ್ಟಿತ್ತು. ಅವರು ಒಪ್ಪಿದರು ಅಂದುಕೊಂಡೆ.

ಆಗ ಶೇಖರಣ್ಣ ಬಾಯಿ ತೆರೆದರು. "ಮಹಾಂತಯ್ಯನವರ ಕಾಲದಾಗೂ ಇದ ಎಣ್ಣಿ, ಇದ ವಿಭೂತಿ, ಇದ ಹುಣ್ಣಿವಿ. ಒಂದರೆ ರೈಫಲ್ ನಿಂತಿತ್ತೇನ್ರಿ ಸಾಹೇಬ್ರ? ಪೂಜಿ ಬದಲಾಗಿಲ್ಲ. ಮುಟ್ಟೋ ಕೈ ಬದಲಾಗ್ಯಾದ. ಹೆಣ್ಮಕ್ಕಳು ಆ ಮೂರು ದಿನಾನೂ ಮುಟ್ಟಿದ್ರ ಹಿಂಗ ಆಗತೈತಿ."

ಐವತ್ತು ಜನರ ಮುಂದೆ ಹೀಗೆ ಅಂದರಪ್ಪಾ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಸಾಹೇಬರಿಗೆ ಮುಟ್ಟಿನ ಮಾತು ಹಿಡಿಸಲಿಲ್ಲ, ಮುಖ ಗಂಟಿಕ್ಕಿದರು. ಆದರೆ ಮೊದಲು ಯಾಕೆ ನಿಲ್ಲುತ್ತಿರಲಿಲ್ಲ ಅಂತ ಅವರೂ ನನ್ನನ್ನೇ ಕೇಳಿದರು. ಜನರಿಗೆ ಕೈಯಲ್ಲಿರುವ ರೈಫಲ್ ಮೇಲೆ ನಂಬಿಕೆ ಇಲ್ಲದಿದ್ದರೆ ಕಷ್ಟ, ಡಿಸೆಂಬರ್ ಒಂದರಿಂದ ನೀವು ಟಪಾಲು ವಿಭಾಗಕ್ಕೆ ಹೋಗಿ ಅಂದರು. ಅಷ್ಟರಲ್ಲಿ ಸರಿಯಾದ ಕಾರಣ ತೋರಿಸಿದರೆ ಆದೇಶ ಹಿಂದಕ್ಕೆ ಪಡೆಯುವುದಾಗಿಯೂ ಹೇಳಿದರು.

ಹಾಗಾಗಿ ಕೇಳುತ್ತೇನೆ. ಅದೇ ಎಣ್ಣೆ, ಅದೇ ವಿಭೂತಿ. ನಿಮ್ಮ ರೈಫಲ್‌ಗಳು ಯಾಕೆ ನಿಲ್ಲಲಿಲ್ಲ?

ನಿಮ್ಮ
ಅನುರಾಧಾ


ದೇವದುರ್ಗ
27 ಅಕ್ಟೋಬರ್ 2024

ಮಗಳೇ ಅನೂ,

ಶೇಖರನ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಅವನು ಮೊದಲಿನಿಂದಲೂ ಬಾಯಿಬಡುಕ.

ಪಿಸ್ಟನ್ ಮೇಲಿನ ಗೋಂದನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ತೆಗೆ. ಗ್ಯಾಸಿನ ತೂತಿಗೆ ಕಬ್ಬಿಣದ ಕಡ್ಡಿ ಹಾಕಿದರೆ ತೂತು ದೊಡ್ಡದಾಗುತ್ತದೆ, ಮೆತ್ತನೆಯ ಹಿತ್ತಾಳೆ ತಂತಿ ಬಳಸು. ಸ್ಪ್ರಿಂಗ್ ಹೊರಗೆ ತೆಗೆದಾಗ ನೆಲಕ್ಕೆ ಇಡಬೇಡ, ಬಟ್ಟೆಯ ಮೇಲೆ ಇಡು. ಒಂದು ರೈಫಲ್‌ನ ಪಿಸ್ಟನ್ ಇನ್ನೊಂದಕ್ಕೆ ಹೋಗಬಾರದು, ನಂಬರ್ ನೋಡಿ ಹಾಕು.

ನೀನು ಕೇಳಿದ್ದಕ್ಕೆ ಏನು ಹೇಳಲಿ. ಆಗಿನ ಕಾಲ ಬೇರೆ ಇತ್ತು. ಶ್ರದ್ಧೆಯಿಂದ ಮಾಡುತ್ತಿದ್ದೆವು.

ಜಾಲಹಳ್ಳಿ ಕಡೆ ಒಬ್ಬರು ಹೊಸ ಟ್ರ್ಯಾಕ್ಟರ್ ತಂದಿದ್ದಾರೆ. ಮೊದಲ ಸಲ ನನ್ನ ಕೈಯಿಂದಲೇ ಚಾಲೂ ಆಗಬೇಕು ಅಂತ ಕರೆದಿದ್ದಾರೆ. ನಾಳೆ ಹೋಗಿ ಬರಬೇಕು.

ಅಪ್ಪ
ಮಹಾಂತಯ್ಯ


ಮಾನ್ವಿ
10 ನವೆಂಬರ್ 2024

ಅಪ್ಪಾ,

ದೀಪಾವಳಿ ಹಬ್ಬಕ್ಕೆ ಬಂದಾಗ ಅವ್ವನ ಮುಂದೆ ಈ ಮಾತು ತೆಗೆಯಬಾರದು ಅಂತ ಬಾಯಿ ಕಟ್ಟಿಕೊಂಡಿದ್ದೆ. ನೀವೂ ನಾಲ್ಕು ದಿನ ಪೇಪರ್ ಹಿಡಿದು ಕೂತಿರಿ. ಒಂದೇ ಜಾಹೀರಾತನ್ನು ಅರ್ಧ ತಾಸು ಓದಿದ್ದನ್ನು ನಾನು ನೋಡಿದ್ದೇನೆ.

ಸಣ್ಣವಳಿದ್ದಾಗ ದಶಮಿಯ ದಿನ ನಾನು ಬನ್ನಿ ಹಿಡಿದುಕೊಂಡು ಕ್ವಾರ್ಟರ್ಸಿನ ಬಾಗಿಲಲ್ಲಿ ಕೂರುತ್ತಿದ್ದೆ. ಎಲ್ಲರ ಅಪ್ಪಂದಿರೂ ಮನೆಯಲ್ಲಿರುತ್ತಿದ್ದರು, ನೀವು ಮಾತ್ರ ಇರುತ್ತಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದಿರಿ. ನನ್ನ ಕೈಯಿಂದ ಬನ್ನಿ ತಗೊಂಡಾಗ ನಿಮ್ಮ ಉಗುರು ಕಪ್ಪಾಗಿರುತ್ತಿತ್ತು, ಅಂಗಿ ಸೀಮೆಎಣ್ಣೆ ನಾರುತ್ತಿತ್ತು. ಸಾಹೇಬರು ಡ್ಯೂಟಿ ಹಾಕಿದ್ದರು ಅನ್ನುತ್ತಿದ್ದಿರಿ.

ಮೊನ್ನೆ ಹಳೆಯ ಡ್ಯೂಟಿ ರಿಜಿಸ್ಟರ್ ತೆಗೆದು ನೋಡಿದೆ. ಸಿಕ್ಕಷ್ಟೂ ವರ್ಷಗಳಲ್ಲಿ ದಶಮಿಯ ದಿನ ನಿಮಗೆ ಡ್ಯೂಟಿ ಇಲ್ಲ. ಪ್ರತಿ ವರ್ಷ ಬೀಗದ ಕೈ ತಗೊಂಡ ಸಹಿ ಮಾತ್ರ ನಿಮ್ಮದು, ಬೆಳಿಗ್ಗೆ ಆರಕ್ಕೆ. ವಾಪಸು ಕೊಟ್ಟದ್ದು ಸಂಜೆ ಆರಕ್ಕೆ. ಕಾರಣದ ಜಾಗದಲ್ಲಿ "ದೀಪ ಹಚ್ಚಲು" ಅಂತ ಬರೆದಿದ್ದೀರಿ. ಹನ್ನೆರಡು ತಾಸು ಯಾವ ದೀಪ ಹಚ್ಚಿದಿರಿ ಅಪ್ಪಾ?

ನೀವು ಒಬ್ಬರೇ ಕೂತು ಎಲ್ಲವನ್ನೂ ಬಿಚ್ಚಿ ಒರೆಸಿದ್ದೀರಿ. ಒರೆಸಿ, ಮತ್ತೆ ವಿಭೂತಿ ಹಚ್ಚಿ ಇಟ್ಟಿದ್ದೀರಿ. ಇಷ್ಟೇ ನಿಮ್ಮ ಕೈಗುಣ. ನನಗೆ ಇದರಿಂದ ನಿಮ್ಮ ಮೇಲೆ ಗೌರವ ಹೆಚ್ಚಾಗಿದೆ. ಆದರೆ ನನಗೆ ಮಾತ್ರ ಸುಮ್ಮನೆ ಇರು ಅಂತ ಬರೆದಿರಲ್ಲ, ಅದು ನುಂಗಲಾಗುತ್ತಿಲ್ಲ. ನಿಮಗೆ ಗೊತ್ತಿತ್ತು.

ಇದನ್ನು ನಾನು ಹೇಳಿದರೆ ಅಪ್ಪನ ಹೆಸರು ಕೆಡಿಸಿ ತನ್ನ ತಪ್ಪು ಮುಚ್ಚಿಕೊಳ್ಳುತ್ತಾಳೆ ಅನ್ನುತ್ತಾರೆ. ನೀವೇ ಬರೆಯಬೇಕು. ಒಂದು ಸಾಲು ಸಾಕು. ಡಿಸೆಂಬರ್ ಒಂದಕ್ಕೆ ಇಪ್ಪತ್ತು ದಿನ ಉಳಿದಿವೆ. ಈ ಕೆಲಸ ನನಗೆ ಬೇಕು ಅಪ್ಪಾ. ನಾನು ಇದನ್ನು ಚೆನ್ನಾಗಿ ಮಾಡುತ್ತೇನೆ.

ಅನುರಾಧಾ


ದೇವದುರ್ಗ
18 ನವೆಂಬರ್ 2024

ಅನೂಗೆ ನಿಮ್ಮವ್ವ ನೀಲಗಂಗಮ್ಮ ಮಾಡುವ ಆಶೀರ್ವಾದ.

ನಿನ್ನ ಕಾಗದ ಈ ಸಲ ಅವರು ನನಗೆ ಓದಿ ಹೇಳಲಿಲ್ಲ. ದಿಂಬಿನ ಕೆಳಗೆ ಇಟ್ಟಿದ್ದರು, ಹಾಸಿಗೆ ಝಾಡಿಸುವಾಗ ನಾನೇ ಓದಿದೆ. ನೀನು ಬರೆದದ್ದು ಎಲ್ಲ ಖರೆ. ನನಗೆ ಮೊದಲಿನಿಂದ ಗೊತ್ತು. ಆದರೆ ನಾನು ಬರೆದುಕೊಟ್ಟರೆ ನಡೆಯುವುದಿಲ್ಲ, ಅವರೇ ಬಾಯಿ ಬಿಡಬೇಕು. ಅದಕ್ಕೇ ಸುಮ್ಮನಿದ್ದೇನೆ.

ಕಾಗದ ಬಂದ ದಿನದಿಂದ ಪೆನ್ನು ಹಿಡಿದು ಕೂರುತ್ತಾರೆ. ಎರಡು ಸಾಲು ಬರೆಯುತ್ತಾರೆ, ಹರಿಯುತ್ತಾರೆ. ಊಟಕ್ಕೆ ಕರೆದರೆ ಹಸಿವಿಲ್ಲ ಅನ್ನುತ್ತಾರೆ. ಅವರ ಕಷ್ಟ ಇಷ್ಟೇ. ಕಿವಿ ಹೋದ ಮೇಲೆ ನಾಲ್ಕು ಜನ ಸೇರಿದಲ್ಲಿ ಅವರನ್ನು ಯಾರೂ ಮಾತಾಡಿಸುವುದಿಲ್ಲ. ಹೊಸ ಮೋಟರು, ಹೊಸ ಗಾಡಿ ಬಂದಾಗ ಮಾತ್ರ ಮನೆ ಬಾಗಿಲಿಗೆ ಬಂದು ಕೈಹಿಡಿದು ಕರೆದುಕೊಂಡು ಹೋಗುತ್ತಾರೆ. ಅದೊಂದು ದಿನ ಅವರು ಇಸ್ತ್ರಿ ಅಂಗಿ ಹಾಕುತ್ತಾರೆ. ಕೈಗುಣ ಇಲ್ಲ ಅಂತಾದರೆ ಆ ಅಂಗಿಗೆ ಕೆಲಸ ಇಲ್ಲ.

ನಿನ್ನೆ ನಾನು ಅವರ ಮುಂದೆ ಕೂತು ನಿಧಾನಕ್ಕೆ, ತುಟಿ ಕಾಣುವಂತೆ ಹೇಳಿದೆ. "ಮಂದಿ ಕರಿಯೂದು ಬಿಟ್ರ ನಾ ಅದೀನಿ. ಮಗಳು ಕರಿಯೂದು ಬಿಟ್ರ ಏನ್ ಮಾಡ್ತೀರಿ?" ಎದ್ದು ಹೊರಗೆ ಹೋದರು. ಬರುವಾಗ ಹೊಸ ಕಾಗದ ತಂದಿದ್ದಾರೆ. ಈ ಸಲ ಹರಿಯಲಿಕ್ಕಿಲ್ಲ.

ನೀನು ಬಿರುಸಾಗಿ ಬರೆದದ್ದು ಒಳ್ಳೆಯದೇ ಆಯಿತು. ಹೊತ್ತಿಗೆ ಸರಿಯಾಗಿ ಉಣ್ಣು.

ನೀಲಗಂಗಮ್ಮ


ದೇವದುರ್ಗ
22 ನವೆಂಬರ್ 2024

ಮಗಳೇ,

ನೀನು ಬರೆದದ್ದು ನಿಜ. ತಪ್ಪು ಇರುವುದು ಒಂದೇ ಕಡೆ. ವಿದ್ಯೆ ನನ್ನದಲ್ಲ.

ನಾನು ಆ ಮೇಜಿಗೆ ಬಂದ ಮೊದಲ ವರ್ಷ ದಸರಾ ಆದ ಮೇಲೆ ಹನ್ನೊಂದು ರೈಫಲ್ ನಿಂತವು. ನಿನಗೆ ಆದಂತೆಯೇ. ಆಗಿನ ಸಾಹೇಬರು ಮೈದಾನದಲ್ಲೇ ಬೈದರು. ನಾನು ಪಿಸ್ಟನ್ ಬಿಚ್ಚಿ ಎಣ್ಣೆ ಕಡಿಮೆಯಾಯಿತು ಅಂದುಕೊಂಡು ಇನ್ನಷ್ಟು ಸುರಿದೆ. ಮನೆಗೆ ಬಂದು ಹೇಳಿದರೆ ನಿಮ್ಮವ್ವ ನಕ್ಕಳು. ಅವಳ ಹೊಲಿಗೆ ಮಿಷಿನ್ನಿಗೂ ಖಂಡೇಪೂಜೆ ಆಗಿತ್ತು. "ಎಣ್ಣಿ ತೂತಿನ್ಯಾಗ ವಿಭೂತಿ ಬಿದ್ರ ಮಿಷಿನ್ ಹಿಡಿತದ. ನಾ ಮರುದಿನಾನ ಒರಸಿ, ಒಣಾ ಬೊಟ್ಟ ಇಟ್ಟಿರ್ತೀನಿ. ದೇವಿಗೆ ಬೊಟ್ಟ ಕಂಡ್ರ ಸಾಕು" ಅಂದಳು. ಆ ಮಾತು ಕೇಳಿ ನನಗೆ ಪಿಸ್ಟನ್ ಯಾಕೆ ಹಿಡಿಯಿತು ಅಂತ ಹೊಳೆಯಿತು.

ಮುಂದಿನ ವರ್ಷ ಎಲ್ಲರೂ ಬನ್ನಿಗೆ ಹೋದಾಗ ಒಬ್ಬನೇ ಕೂತು ಒರೆಸಿದೆ. ಪೂಜೆ ಅಳಿಸಿದ ಅಂತ ಗಲಾಟೆ ಆಗುತ್ತದೆಂದು ಯಾರಿಗೂ ಹೇಳಲಿಲ್ಲ. ಮರದ ಹಿಡಿಕೆಯ ಮೇಲೆ ಮೂರು ಗೆರೆ ಒಣ ವಿಭೂತಿ ಎಳೆದಿಟ್ಟೆ. ವಿಭೂತಿ ಕಂಡರೆ ಸಾಕಿತ್ತು, ಜಾಗ ಬದಲಾದದ್ದನ್ನು ಯಾರೂ ಕೇಳಲಿಲ್ಲ. ಒಂದೂ ನಿಲ್ಲಲಿಲ್ಲ. ಅಯ್ಯನವರ ಕೈಗುಣ ಅಂತ ಜನ ಅಂದರು. ಅಲ್ಲ ಅನ್ನಬೇಕಿತ್ತು. ಕೇಳಲಿಕ್ಕೆ ಹಿತವಾಗಿತ್ತು, ಅನ್ನಲಿಲ್ಲ. ಮೂರನೇ ವರ್ಷಕ್ಕೆ ಅನ್ನುವ ಧೈರ್ಯವೂ ಹೋಯಿತು.

ನಿನಗೆ ಕೆಲಸ ಸಿಕ್ಕಾಗ ಇದನ್ನೇ ಮೊದಲು ಬರೆಯಬೇಕಿತ್ತು. ಬರೆದರೆ ನನ್ನ ಮಗಳ ಕಣ್ಣಲ್ಲಿ ನಾನು ಸಣ್ಣವನಾಗುತ್ತೇನೆ ಅನ್ನಿಸಿತು. ಅದಕ್ಕಾಗಿ ನಿನ್ನನ್ನು ಐವತ್ತು ಜನರ ಮುಂದೆ ನಿಲ್ಲಿಸಿದೆ. ಇದು ನನ್ನ ತಪ್ಪು. ಕ್ಷಮಿಸು ಅಂತ ಬರೆಯುವುದು ಅಪ್ಪನಿಗೆ ಕಷ್ಟ, ಆದರೂ ಬರೆದಿದ್ದೇನೆ.

ಒಂದು ಸಾಲು ಸಾಲದು. ಗುರುವಾರ, ಇಪ್ಪತ್ತೆಂಟಕ್ಕೆ, ಬೆಳಗಿನ ಬಸ್ಸಿಗೆ ರಾಯಚೂರಿಗೆ ಬರುತ್ತೇನೆ. ಹಾಜರಿ ಕರೆಯುವ ಹೊತ್ತಿಗೆ ಎಲ್ಲರೂ ಇರುವಾಗ ಹೇಳುತ್ತೇನೆ. ಸಾಹೇಬರ ಅನುಮತಿ ಕೇಳಿ ಇಡು.

ಅಪ್ಪ
ಮಹಾಂತಯ್ಯ


ಮಾನ್ವಿ
1 ಡಿಸೆಂಬರ್ 2024

ಅಪ್ಪಾ, ಶರಣು.

ಇವತ್ತು ಒಂದನೇ ತಾರೀಖು. ನಾನು ಟಪಾಲಿಗೆ ಹೋಗಲಿಲ್ಲ, ಆಯುಧಾಗಾರದಲ್ಲೇ ಇದ್ದೇನೆ. ಆದೇಶ ನಿನ್ನೆ ರದ್ದಾಯಿತು.

ನೀವು ಬಂದು ಹೋದ ದಿನ ಅಲ್ಲಿ ಏನಾಯಿತು ಅಂತ ನಿಮಗೆ ಪೂರ್ತಿ ತಿಳಿದಿರಲಿಕ್ಕಿಲ್ಲ, ಬರೆಯುತ್ತೇನೆ. ನೀವು ಮೇಜಿನ ಹತ್ತಿರ ನಿಂತು, ಇಸ್ತ್ರಿ ಅಂಗಿಯ ತೋಳು ಮಡಚಿ, ಒಂದು ರೈಫಲ್ ಬಿಚ್ಚುತ್ತಲೇ ಎಲ್ಲ ಹೇಳಿದಿರಿ. ಕಿವಿ ಕೇಳದವರು ಗಟ್ಟಿಯಾಗಿ ಮಾತಾಡುತ್ತಾರೆ. ನಿಮ್ಮ ದನಿ ಮೈದಾನದ ಆ ಕಡೆಯ ಪಹರೆಯವನಿಗೂ ಕೇಳಿಸಿತಂತೆ. "ಇದು ನನ್ನ ಕೈಗುಣ ಅಲ್ರಿ. ನನ್ನ ಹೆಂಡ್ತಿ ನೀಲಗಂಗಮ್ಮನ ಬುದ್ಧಿ. ಟೇಲರ್ ಅದಾಳ" ಅಂತ ನೀವು ಅಂದಾಗ ಸಾಹೇಬರು ನಕ್ಕು, ಆ ತಾಯಿಯನ್ನು ಒಮ್ಮೆ ಕರೆದುಕೊಂಡು ಬನ್ನಿ ಅಂದರು.

ಈಗ ಹೊಸ ನಿಯಮ ಬಂದಿದೆ, ಬರೆದವಳು ನಾನೇ. ಪೂಜೆಯ ವಿಭೂತಿ ಮರದ ಹಿಡಿಕೆಗೆ ಮಾತ್ರ, ಅದೂ ಒಣಗಿದ್ದು. ದಶಮಿಯ ಬೆಳಿಗ್ಗೆ ಪ್ರತಿಯೊಬ್ಬರೂ ತಮ್ಮ ರೈಫಲ್ ತಾವೇ ಬಿಚ್ಚಿ ಒರೆಸಬೇಕು, ಬನ್ನಿ ಆಮೇಲೆ. ಸಾಹೇಬರು ಮೊನ್ನೆ ಅವೇ ಒಂಬತ್ತು ರೈಫಲ್ ಮೈದಾನಕ್ಕೆ ತರಿಸಿ ಹಾರಿಸಿದರು. ಒಂದೂ ನಿಲ್ಲಲಿಲ್ಲ. ಮೊದಲನೆಯದನ್ನು ನನ್ನ ಕೈಗೇ ಕೊಟ್ಟಿದ್ದರು. ಕಿವಿಗೆ ಸರಿಯಾದ ಮುಚ್ಚಳ ಹಾಕಿಕೊಂಡಿದ್ದೆ, ಅವ್ವನಿಗೆ ಹೇಳಿ.

ಕೊನೆಗೆ ಶೇಖರಣ್ಣ ಎದ್ದು ನಿಂತು ನಿಮ್ಮ ಮುಖ ನೋಡಿ ಏನೋ ಹೇಳಿದರಲ್ಲ. ಏನಂದ ಅಂತ ಬಸ್ಸಿನ ಹತ್ತಿರ ಕೇಳಿದಿರಿ. ಗದ್ದಲದಲ್ಲಿ ನಾನು ಚೀಟಿಯಲ್ಲಿ ಬರೆದುಕೊಟ್ಟದ್ದೇ. ನಿಮ್ಮದು ದೊಡ್ಡ ಮನಸ್ಸು ಅಂದರು. ಬೇರೆ ಏನೂ ಇಲ್ಲ.

ನಿಮ್ಮ
ಅನುರಾಧಾ


ದೇವದುರ್ಗ
6 ಡಿಸೆಂಬರ್ 2024

ಮಗಳೇ ಅನೂ,

ಸಂತೋಷವಾಯಿತು. ನಿಯಮ ಚೆನ್ನಾಗಿ ಬರೆದಿದ್ದೀಯ. ನಿಮ್ಮವ್ವ ರಾಯಚೂರಿಗೆ ಬರಲು ಸೀರೆ ತೆಗೆದಿಟ್ಟಿದ್ದಾಳೆ. ಸಾಹೇಬರ ಮಾತು ಖರೆಯೋ ಬರೀ ಉಪಚಾರವೋ ಕೇಳಿ ಹೇಳು.

ಶೇಖರ ನನ್ನ ಕೈಕೆಳಗೆ ಹದಿನಾರು ವರ್ಷ ಇದ್ದ. ಕಿವಿ ಹೋಗುತ್ತಾ ಬಂದಂತೆ ನಾನು ಮೊದಲು ಓದಲು ಕಲಿತದ್ದು ಅವನ ತುಟಿಯನ್ನೇ. "ಇಷ್ಟು ವರ್ಷ ನಮ್ಮನ್ನ ಮಂಗ್ಯಾ ಮಾಡಿದ್ರಿ. ನಿಮ್ಮ ಕಾಲು ಮುಟ್ಟಿ ರೈಫಲ್ ಹಿಡೀತಿದ್ದೆ ನಾ" ಅಂದ. ಕಣ್ಣಲ್ಲಿ ನೀರಿತ್ತು ಅವನಿಗೆ. ಅವನು ಅಂದದ್ದು ಸರಿ. ಅದನ್ನು ಕೇಳಿಸಿಕೊಳ್ಳಲೆಂದೇ ನಾನು ಬಂದಿದ್ದೆ. ತಲೆ ಆಡಿಸಿ ಒಪ್ಪಿಕೊಂಡೆ.

ಬಸ್ಸಿನ ಹತ್ತಿರ ನಿನ್ನನ್ನು ಕೇಳಿದ್ದು ಗೊತ್ತಿಲ್ಲದೆ ಅಲ್ಲ. ನೀನು ಏನು ಬರೆಯುತ್ತೀ ನೋಡೋಣ ಅಂತ. ನೀನು ನನ್ನ ಹೆಸರು ಉಳಿಸಲು ಸುಳ್ಳು ಬರೆದೆ. ಓದಿ ಬಸ್ಸಿನಲ್ಲಿ ಅತ್ತೆ. ನನ್ನ ಹೆಸರಿಗಾಗಿ ನಾನು ಸುಳ್ಳು ಹೇಳಿದ್ದು ಇಪ್ಪತ್ತೇಳು ವರ್ಷ, ಸಾಕಾಯಿತು. ನೀನು ಶುರು ಮಾಡಬೇಡ.

ನಾಳೆ ಶೇಖರನಿಗೆ ಬರೆಯುತ್ತೇನೆ. ಅವನು ಹೇಳಿದ್ದು ನನಗೆ ಪೂರ್ತಿ ಕೇಳಿಸಿತು ಅಂತ.

ಅಪ್ಪ
ಮಹಾಂತಯ್ಯ